ಅಂತರ್ಜಾಲವಿಲ್ಲದ ವೇಳೆಯಲ್ಲಿ ಕ್ರೋಮ್‌ಬುಕ್‌ನ ಸದುಪಯೋಗ

ಇಂದು ಮಹಾನಗರಗಳಲ್ಲಿ ನೆಲೆಸಿರುವ ಕುಟುಂಬಗಳ ಅನೇಕ ವ್ಯವಹಾರಗಳು ಲ್ಯಾಪ್‌ಟಾಪನ್ನು ಆಶ್ರಯಿಸಿವೆ. ಮಕ್ಕಳ ಪಾಠ, ಉದ್ಯೋಗಸ್ಥರ ಪತ್ರವ್ಯವಹಾರ, ಸಂಘಸಂಸ್ಥೆಗಳ ಲೆಕ್ಕಪತ್ರ, ಹಿರಿಯರ ವೈದ್ಯಕೀಯ ದಾಖಲೆ ಇವೆಲ್ಲವೂ ಅದರೊಳಗೆ ಸೇರಿಕೊಂಡಿವೆ. ಇಂತಹ ಯಂತ್ರಗಳಲ್ಲಿ ಕ್ರೋಮ್‌ಬುಕ್ ಎಂಬುದು ಒಂದು ವಿಶಿಷ್ಟ ಬಗೆ. ಗೂಗಲ್ ಸಂಸ್ಥೆಯು 2009ರಲ್ಲಿ ಕ್ರೋಮ್ ಓಎಸ್ ಎಂಬ ಕಾರ್ಯವ್ಯವಸ್ಥೆಯನ್ನು ಘೋಷಿಸಿತು. ಅದನ್ನು ಅಳವಡಿಸಿದ ಮೊದಲ ಕ್ರೋಮ್‌ಬುಕ್‌ಗಳನ್ನು ಏಸರ್ ಮತ್ತು ಸ್ಯಾಮ್‌ಸಂಗ್ ಸಂಸ್ಥೆಗಳು 2011ರಲ್ಲಿ ಮಾರುಕಟ್ಟೆಗೆ ತಂದವು.

ಅಂತರ್ಜಾಲವಿಲ್ಲದಿದ್ದರೆ ಕ್ರೋಮ್‌ಬುಕ್ ಕೇವಲ ನಿರುಪಯುಕ್ತ ಪೆಟ್ಟಿಗೆ ಎಂಬ ಅಭಿಪ್ರಾಯ ಇಂದಿಗೂ ಬಳಕೆಯಲ್ಲಿದೆ. ಆರಂಭದ ವರ್ಷಗಳಲ್ಲಿ ಈ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಈಗ ಅದು ನಿಜವಲ್ಲ. ಆದರೆ ಸಂಪರ್ಕವಿಲ್ಲದಾಗಲೂ ಕೆಲಸ ನಡೆಯಬೇಕಾದರೆ, ಸಂಪರ್ಕವಿರುವಾಗಲೇ ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಂಡಿರಬೇಕು. ಆ ಏರ್ಪಾಡಿನ ಸ್ಥೂಲ ಪರಿಚಯವೇ ಈ ಲೇಖನದ ಉದ್ದೇಶ.

ಕ್ಲೌಡ್ ಎಂದರೇನು?

ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಕಡತಗಳು ಯಂತ್ರದೊಳಗೇ ಇರುತ್ತವೆ. ಕ್ರೋಮ್‌ಬುಕ್‌ನಲ್ಲಿ ಅವು ಮುಖ್ಯವಾಗಿ ಗೂಗಲ್ ಸಂಸ್ಥೆಯ ದೂರದ ದತ್ತಾಂಶ ಕೇಂದ್ರಗಳಲ್ಲಿ ಶೇಖರವಾಗುತ್ತವೆ. ಈ ವ್ಯವಸ್ಥೆಗೆ ಕ್ಲೌಡ್ ಎಂದು ಹೆಸರು. ಇದನ್ನು ಬ್ಯಾಂಕಿನ ಉಳಿತಾಯ ಖಾತೆಗೆ ಹೋಲಿಸಬಹುದು. ಹಣ ಖಾತೆಯಲ್ಲಿದ್ದರೆ ಕಳ್ಳಕಾಕರ ಭಯವಿಲ್ಲ. ಹಾಗೆಯೇ ಯಂತ್ರ ಕೆಟ್ಟರೂ ಕ್ಲೌಡ್‌ನಲ್ಲಿರುವ ಕಾಗದಪತ್ರಗಳು ನಾಶವಾಗುವುದಿಲ್ಲ. ಆದರೆ ಬ್ಯಾಂಕಾಗಲಿ ಎ.ಟಿ.ಎಂ. ಆಗಲಿ ಇಲ್ಲದ ಹಳ್ಳಿಗೆ ಹೊರಟವನು ಖರ್ಚಿಗೆ ಬೇಕಾದ ನಗದನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು. ಖಾತೆಯಲ್ಲಿ ಲಕ್ಷವಿದ್ದರೂ ಜೇಬಿನಲ್ಲಿರುವುದಷ್ಟೇ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಲೌಡ್‌ನ ಕಡತಗಳ ಪ್ರತಿಯನ್ನು ಯಂತ್ರದೊಳಗೆ ಮೊದಲೇ ಇಳಿಸಿಟ್ಟುಕೊಳ್ಳುವುದೂ ಇದೇ ಬಗೆಯ ಕೆಲಸ.

ಸಂಪರ್ಕ ತಪ್ಪುವ ಸಂದರ್ಭಗಳು

ಮಹಾನಗರದಲ್ಲಿ ಸಂಪರ್ಕದ ಅಭಾವ ಅಷ್ಟಾಗಿ ಅರಿವಿಗೆ ಬಾರದು. ಊರಿಗೆ ಹೊರಟಾಗ ಅದು ತಿಳಿಯುತ್ತದೆ. ಮುಂಬಯಿಯಿಂದ ಉಡುಪಿ, ಮಂಗಳೂರುಗಳಿಗೆ ಹೋಗುವ ಕೊಂಕಣ ರೈಲುಮಾರ್ಗದಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ. ರತ್ನಾಗಿರಿಯ ಸಮೀಪದ ಕರ್ಬುಡೆ ಸುರಂಗವೊಂದೇ ಸುಮಾರು 6.5 ಕಿಲೋಮೀಟರ್ ಉದ್ದವಿದೆ. ದೆಹಲಿಯಿಂದ ಬೆಂಗಳೂರಿಗೆ ಹೊರಟವರು ಎರಡು ರಾತ್ರಿಗಳನ್ನು ರೈಲಿನಲ್ಲಿ ಕಳೆಯುತ್ತಾರೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿ ವಿದ್ಯುತ್ತಿನೊಡನೆ ಸಂಪರ್ಕವೂ ಹೋಗುವುದುಂಟು. ಪರೀಕ್ಷೆಗೆ ಓದಬೇಕಾದ ವಿದ್ಯಾರ್ಥಿಗೂ ವರದಿ ಸಿದ್ಧಪಡಿಸಬೇಕಾದ ನೌಕರನಿಗೂ ಈ ಗಂಟೆಗಳು ವ್ಯರ್ಥವಾಗಬೇಕಾದ ಕಾರಣವಿಲ್ಲ.

ಹೊರಡುವ ಮುನ್ನ ಮಾಡಬೇಕಾದ ಸಿದ್ಧತೆ

1. ಲಾಗಿನ್: ಹೊಸ ಕ್ರೋಮ್‌ಬುಕ್‌ನಲ್ಲಿ ಮೊದಲ ಬಾರಿ ಖಾತೆಯನ್ನು ತೆರೆಯಲು ಅಂತರ್ಜಾಲ ಅತ್ಯಗತ್ಯ. ಒಮ್ಮೆ ತೆರೆದ ಖಾತೆಯನ್ನು ಅದೇ ಯಂತ್ರದಲ್ಲಿ ಮುಂದೆ ಸಂಪರ್ಕವಿಲ್ಲದೆಯೂ ತೆರೆಯಬಹುದು. ಆದುದರಿಂದ ಹೊಸ ಯಂತ್ರವನ್ನು ಡಬ್ಬಿಯಲ್ಲಿಯೇ ಊರಿಗೆ ಒಯ್ಯುವುದು ಸರಿಯಲ್ಲ.

2. ಬರವಣಿಗೆ ಮತ್ತು ಲೆಕ್ಕ: ಗೂಗಲ್ ಡ್ರೈವ್‌ನ ಸೆಟ್ಟಿಂಗ್ಸ್ ವಿಭಾಗದಲ್ಲಿ ಆಫ್‌ಲೈನ್ ಎಂಬ ಆಯ್ಕೆಯಿದೆ, ಅದನ್ನು ಚಾಲನೆಯಲ್ಲಿಡಬೇಕು. ಆಗ ಡಾಕ್ಸ್, ಶೀಟ್ಸ್, ಸ್ಲೈಡ್ಸ್‌ಗಳಲ್ಲಿನ ಕಡತಗಳನ್ನು ಸಂಪರ್ಕವಿಲ್ಲದೆ ತೆರೆದು ತಿದ್ದಬಹುದು. ಇತ್ತೀಚೆಗೆ ಬಳಸಿದ ಕಡತಗಳು ತಾವಾಗಿಯೇ ಯಂತ್ರಕ್ಕೆ ಇಳಿಯುವುದುಂಟಾದರೂ ಅದನ್ನೇ ನೆಚ್ಚಿ ಕೂರಬಾರದು. ಮುಖ್ಯವಾದ ಪ್ರತಿಯೊಂದು ಕಡತಕ್ಕೂ 'ಆಫ್‌ಲೈನ್‌ನಲ್ಲಿ ಲಭ್ಯ' ಎಂಬ ಗುರುತನ್ನು ಸ್ವತಃ ಹಾಕುವುದು ಲೇಸು.

3. ಅಂಚೆ: ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿಯೂ ಆಫ್‌ಲೈನ್ ವಿಭಾಗವಿದೆ. 7, 30 ಅಥವಾ 90 ದಿನಗಳ ಅಂಚೆಯನ್ನು ಯಂತ್ರದಲ್ಲಿ ಇಟ್ಟುಕೊಳ್ಳಬಹುದು. ಲಗತ್ತುಗಳೂ ಬೇಕಾಗಿದ್ದರೆ ಅದಕ್ಕಿರುವ ಪ್ರತ್ಯೇಕ ಆಯ್ಕೆಯನ್ನು ಗುರುತಿಸಬೇಕು.

4. ಓದು ಮತ್ತು ಪಾಠ: ಪಿ.ಡಿ.ಎಫ್. ಪುಸ್ತಕಗಳನ್ನೂ ಪಾಠದ ಟಿಪ್ಪಣಿಗಳನ್ನೂ ಫೈಲ್ಸ್ ಎಂಬ ಆ್ಯಪ್‌ನೊಳಗೆ ಇಳಿಸಿಕೊಂಡರೆ ಅವು ಎಲ್ಲಿಯಾದರೂ ತೆರೆಯುತ್ತವೆ. ಪೆನ್‌ಡ್ರೈವ್‌ನಲ್ಲಿರುವ ಕಡತಗಳನ್ನೂ ಇದೇ ಆ್ಯಪ್‌ನಲ್ಲಿ ನೋಡಬಹುದು.

5. ಕನ್ನಡ ಕೀಲಿಮಣೆ: ಕನ್ನಡದಲ್ಲಿ ಬರೆಯುವವರು ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೀಲಿಮಣೆಯನ್ನು ಮೊದಲೇ ಸೇರಿಸಿ, ವೈಫೈ ಆರಿಸಿದ ಮೇಲೂ ಅಕ್ಷರಗಳು ಸರಿಯಾಗಿ ಮೂಡುವುವೇ ಎಂದು ಪರಿಶೀಲಿಸಿಕೊಳ್ಳಬೇಕು.

6. ಹೆಚ್ಚಿನ ಸ್ವಾತಂತ್ರ್ಯ ಬೇಕಾದವರಿಗೆ: 2018ರಿಂದ ಅನೇಕ ಮಾದರಿಗಳಲ್ಲಿ ಲಿನಕ್ಸ್ ಸೌಲಭ್ಯ ದೊರೆಯುತ್ತಿದೆ. ಅದರಲ್ಲಿ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶವನ್ನು ಒಮ್ಮೆ ಸ್ಥಾಪಿಸಿಕೊಂಡರೆ ಬರವಣಿಗೆಗೂ ಲೆಕ್ಕಕ್ಕೂ ಅಂತರ್ಜಾಲದ ಹಂಗಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಪ್ರಯಾಣದ ಹಿಂದಿನ ರಾತ್ರಿ ಮನೆಯಲ್ಲಿಯೇ ವೈಫೈ ಆರಿಸಿ ಪ್ರತಿಯೊಂದು ಕಡತವನ್ನೂ ತೆರೆದು ನೋಡಬೇಕು. ತೆರೆಯದಿರುವುದನ್ನು ಆಗಲೇ ಸರಿಪಡಿಸಿಕೊಳ್ಳಬಹುದು. ಹತ್ತು ನಿಮಿಷಗಳ ಈ ಪರೀಕ್ಷೆಯೇ ಎಲ್ಲ ಸಿದ್ಧತೆಗಳಿಗೂ ಮುಕುಟಪ್ರಾಯವಾದುದು.

ವೈದ್ಯಕೀಯ ದಾಖಲೆಗಳು

ಬರವಣಿಗೆ ಒಂದು ದಿನ ತಡವಾದರೆ ನಷ್ಟ ಅಲ್ಪ. ಆದರೆ ಹೃದ್ರೋಗವಿರುವ ತಂದೆಯವರನ್ನೋ ಮಧುಮೇಹವಿರುವ ತಾಯಿಯವರನ್ನೋ ಕರೆದುಕೊಂಡು ಊರಿಗೆ ಹೊರಟ ಕುಟುಂಬದ ಸ್ಥಿತಿ ಬೇರೆ. ದಾರಿಯಲ್ಲಿ ಅಸ್ವಸ್ಥತೆ ಕಾಣಿಸಿಕೊಂಡರೆ, ಅಪರಿಚಿತ ವೈದ್ಯರು ಮೊದಲು ಕೇಳುವುದು ಈಗ ಸೇವಿಸುತ್ತಿರುವ ಔಷಧಿಗಳು ಯಾವುವು, ಯಾವ ಔಷಧಿ ಒಗ್ಗುವುದಿಲ್ಲ, ಹಿಂದೆ ಆದ ಚಿಕಿತ್ಸೆ ಏನು ಎಂಬುದನ್ನು. ಆಗ ಎಲ್ಲ ಕಾಗದಗಳೂ ಕ್ಲೌಡ್‌ನಲ್ಲಿ ಭದ್ರವಾಗಿವೆ, ಆದರೆ ನೆಟ್‌ವರ್ಕ್ ಇಲ್ಲ ಎಂದು ಹೇಳಿದರೆ ಪ್ರಯೋಜನವೇನು?

ಆದುದರಿಂದ ಆಸ್ಪತ್ರೆಯ ಬಿಡುಗಡೆ ಪತ್ರ, ಇ.ಸಿ.ಜಿ., ಇತ್ತೀಚಿನ ರಕ್ತಪರೀಕ್ಷೆಯ ವರದಿ, ಔಷಧಿಯ ಚೀಟಿ ಮತ್ತು ವಿಮೆಯ ಕಾಗದಗಳನ್ನು ಒಂದೇ ಫೋಲ್ಡರ್‌ನಲ್ಲಿ ಇರಿಸಿ, ಪ್ರತಿಯೊಂದಕ್ಕೂ ಆಫ್‌ಲೈನ್ ಗುರುತು ಹಾಕಬೇಕು. ಔಷಧಿಗಳ ಹೆಸರು, ಪ್ರಮಾಣ, ಹೊತ್ತು ಇವುಗಳ ಪಟ್ಟಿಯೊಂದನ್ನು ಕಾಗದದಲ್ಲಿಯೂ ಬರೆದು ಹಿರಿಯರ ಕೈಚೀಲದಲ್ಲಿಡಬೇಕು. ಬ್ಯಾಟರಿ ಮುಗಿದರೂ ಕಾಗದ ಕೈಕೊಡುವುದಿಲ್ಲ.

ಆಗುವ ಕೆಲಸ, ಆಗದ ಕೆಲಸ

ಸಂಪರ್ಕವಿಲ್ಲದಾಗ ಲೇಖನ ಬರೆಯಬಹುದು, ಲೆಕ್ಕ ಕೂಡಿಸಬಹುದು, ಇಳಿಸಿಟ್ಟ ಪುಸ್ತಕ ಓದಬಹುದು, ಬಂದ ಅಂಚೆಗೆ ಉತ್ತರ ಸಿದ್ಧಪಡಿಸಬಹುದು. ಬರೆದ ಉತ್ತರಗಳು ಔಟ್‌ಬಾಕ್ಸ್‌ನಲ್ಲಿ ಕಾದಿದ್ದು ಸಂಪರ್ಕ ದೊರೆತೊಡನೆ ಹೊರಡುತ್ತವೆ. ಹೊಸ ಅಂಚೆ ಬಾರದು. ಡಾಕ್ಸ್‌ನಲ್ಲಿ ಮಾತನಾಡಿ ಬರೆಯಿಸುವ ಸೌಲಭ್ಯ ದೊರೆಯದು. ಬ್ಯಾಂಕಿನ ಜಾಲತಾಣ ತೆರೆಯದು. ಕಂತು ಕಟ್ಟುವ ಕೊನೆಯ ದಿನ ಪ್ರಯಾಣದ ನಡುವೆ ಬರುವುದಾದರೆ ಅದನ್ನು ಮುಂಚಿತವಾಗಿ ತೀರಿಸಿ ಹೊರಡುವುದೇ ಜಾಣತನ.

ಮರಳಿ ಸಂಪರ್ಕ ದೊರೆತಾಗ

ದಿನದ ಕೊನೆಯಲ್ಲಿ ನಗದನ್ನೂ ಪುಸ್ತಕವನ್ನೂ ತಾಳೆ ನೋಡದೆ ಯಾವ ಖಜಾಂಚಿಯೂ ಮನೆಗೆ ಹೋಗುವುದಿಲ್ಲ. ಇಲ್ಲಿಯೂ ಅದೇ ಶಿಸ್ತು ಬೇಕು. ಸಂಪರ್ಕ ಬಂದ ಮೇಲೆ ಯಂತ್ರದ ಬದಲಾವಣೆಗಳು ಕ್ಲೌಡ್‌ಗೆ ಸೇರಲು ಸ್ವಲ್ಪ ಸಮಯ ಹಿಡಿಯುತ್ತದೆ. ಕಡತವನ್ನು ತೆರೆದು, ಅದು ಡ್ರೈವ್‌ಗೆ ಸೇರಿದ ಸೂಚನೆ ಕಾಣುವವರೆಗೆ ಲ್ಯಾಪ್‌ಟಾಪನ್ನು ಮುಚ್ಚಬಾರದು.

ಒಂದೇ ಕಡತವನ್ನು ಇಬ್ಬರು ಬಳಸುವಾಗ ವಿಶೇಷ ಜಾಗ್ರತೆ ಅಗತ್ಯ. ಸಂಘದ ಕಾರ್ಯದರ್ಶಿಗಳು ರೈಲಿನಲ್ಲಿಯೂ ಖಜಾಂಚಿಗಳು ಮನೆಯಲ್ಲಿಯೂ ಚಂದಾ ಪಟ್ಟಿಯ ಒಂದೇ ಅಂಕಣವನ್ನು ತಿದ್ದಿದರೆ ಒಬ್ಬರ ಅಂಕಿಯ ಮೇಲೆ ಇನ್ನೊಬ್ಬರ ಅಂಕಿ ಬಂದು ಕೂರಬಹುದು. ಯಾರು ಯಾವ ಭಾಗವನ್ನು ತುಂಬಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಉತ್ತಮ. ಸಂದೇಹ ಬಂದರೆ ಕಡತದ ಆವೃತ್ತಿ ಇತಿಹಾಸವನ್ನು ತೆರೆದು ಹಿಂದಿನ ರೂಪವನ್ನು ನೋಡಬಹುದು.

ಕೆಲವು ಎಚ್ಚರಿಕೆಗಳು

ಅ) ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿರುವ ಕಡತಗಳು ಸಾಮಾನ್ಯವಾಗಿ ಯಂತ್ರದಲ್ಲಿ ಮಾತ್ರ ಇರುತ್ತವೆ. ಪವರ್‌ವಾಶ್ ಎಂಬ ಕ್ರಿಯೆಯಿಂದ ಯಂತ್ರವನ್ನು ಮೊದಲಿನ ಸ್ಥಿತಿಗೆ ತಂದರೆ ಅವು ಅಳಿಸಿಹೋಗುತ್ತವೆ. ಬೇಕಾದುದನ್ನು ಮೊದಲು ಡ್ರೈವ್‌ಗೋ ಪೆನ್‌ಡ್ರೈವ್‌ಗೋ ಸೇರಿಸಬೇಕು.

ಆ) ಅನೇಕ ಕ್ರೋಮ್‌ಬುಕ್‌ಗಳಲ್ಲಿ ಶೇಖರಣೆಯ ಸ್ಥಳ 32 ಅಥವಾ 64 ಜಿ.ಬಿ. ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಚಲನಚಿತ್ರಗಳಿಂದ ಅದನ್ನು ತುಂಬಿಸಿದರೆ ಮುಖ್ಯ ಕಡತಗಳಿಗೆ ಸ್ಥಳವಿರದು.

ಇ) ಅನ್ಯರೂ ಬಳಸುವ ಕಂಪ್ಯೂಟರ್‌ನಲ್ಲಿ ಆಫ್‌ಲೈನ್ ಸೌಲಭ್ಯವನ್ನು ಚಾಲನೆಗೊಳಿಸಬಾರದು. ಖಾಸಗಿ ಅಂಚೆ ಅಲ್ಲಿಯೇ ಉಳಿದುಬಿಡಬಹುದು.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ನಮ್ಮಲ್ಲಿ ಪ್ರಸಿದ್ಧವಾಗಿದೆ. ಸಂಪರ್ಕ ಕಡಿದ ಮೇಲೆ ಕಡತಕ್ಕಾಗಿ ಪರದಾಡುವುದು ಅಂತಹುದೇ. ಊರಿಗೆ ಹೊರಡುವಾಗ ಬಟ್ಟೆಬರೆ, ಬುತ್ತಿ, ಔಷಧಿಗಳನ್ನು ಕಟ್ಟಿಕೊಳ್ಳುವಂತೆ ಅಗತ್ಯವಾದ ಕಡತಗಳನ್ನೂ ಕಟ್ಟಿಕೊಳ್ಳುವ ಅಭ್ಯಾಸವನ್ನು ಪ್ರತಿಯೊಂದು ಕುಟುಂಬವೂ ರೂಢಿಸಿಕೊಳ್ಳಬೇಕು. ಹಾಗೆ ಮಾಡಿದರೆ ದಾರಿಯ ಸುರಂಗಗಳೂ ಊರಿನ ಮಳೆಗಾಲವೂ ಯಾರ ಕೆಲಸಕ್ಕೂ ಅಡ್ಡಿಯಾಗಲಾರವು.