ವೇತನ ಮಿತಿಯೊಳಗೆ ತಂಡ ಕಟ್ಟುವ ಲೆಕ್ಕ: ಅನುಕರಣ ಬೇಸ್‌ಬಾಲ್ ಮತ್ತು ಸೀಮಾಂತ ವೆಚ್ಚ

ಅಮೆರಿಕದ 2002ರ ಬೇಸ್‌ಬಾಲ್ ಋತುವಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡವು ಆಟಗಾರರ ವೇತನಕ್ಕೆ ಸುಮಾರು 12.5 ಕೋಟಿ ಡಾಲರ್ ವೆಚ್ಚ ಮಾಡಿ 103 ಪಂದ್ಯಗಳನ್ನು ಗೆದ್ದಿತು. ಅದೇ ಋತುವಿನಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡವೂ 103 ಪಂದ್ಯಗಳನ್ನೇ ಗೆದ್ದಿತು. ಅದರ ವೇತನ ವೆಚ್ಚ ಸುಮಾರು 4 ಕೋಟಿ ಡಾಲರ್ ಮಾತ್ರ. ಮೈಕೆಲ್ ಲೂಯಿಸ್ ಅವರು 2003ರಲ್ಲಿ ಪ್ರಕಟಿಸಿದ ‘ಮನಿಬಾಲ್’ ಕೃತಿಯಿಂದ ಈ ಹೋಲಿಕೆ ವ್ಯವಹಾರಾಡಳಿತದ ತರಗತಿಗಳವರೆಗೂ ತಲುಪಿತು. ಅಗ್ಗದ ಆಟಗಾರರನ್ನು ಹುಡುಕಿ ತೆಗೆಯುವುದೇ ಜಾಣತನ ಎಂಬ ತೀರ್ಮಾನಕ್ಕೆ ಹಲವರು ಬಂದರು. ಓಕ್ಲೆಂಡಿಗೆ ಯಾಂಕೀಸ್‌ನಷ್ಟೇ ಹಣ ದೊರೆತಿದ್ದರೆ ಅದೇ ವಿಧಾನ ಸರಿಯಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದವರು ಕಡಿಮೆ.

ನಿಜವಾದ ಮೈದಾನದಲ್ಲಿ ಇದನ್ನು ಪರೀಕ್ಷಿಸಿ ನೋಡುವುದು ಅಸಾಧ್ಯ. ಅನುಕರಣ ಬೇಸ್‌ಬಾಲ್‌ನಲ್ಲಿ ಸಾಧ್ಯ. ಹಾಲ್ ರಿಚ್‌ಮನ್ ಅವರು 1961ರಲ್ಲಿ ಮಾರುಕಟ್ಟೆಗೆ ತಂದ ‘ಸ್ಟ್ರಾಟ್-ಓ-ಮ್ಯಾಟಿಕ್’ ಆಟದಲ್ಲಿ ಪ್ರತಿ ಆಟಗಾರನ ಹೆಸರಿನಲ್ಲಿ ಒಂದು ಕಾರ್ಡು. ಮುಗಿದುಹೋದ ಋತುವಿನ ಅವನ ಸಾಧನೆಯೇ ಆ ಕಾರ್ಡಿನ ಅಂಕಿಗಳಿಗೆ ಆಧಾರ. ದಾಳ ಉರುಳಿಸಿದಾಗ ಅರ್ಧ ಪಾಲು ಫಲಿತಾಂಶ ದಾಂಡಿಗನ ಕಾರ್ಡಿನಿಂದ, ಉಳಿದರ್ಧ ಚೆಂಡೆಸೆಯುವ ಪಿಚರ್‌ನ ಕಾರ್ಡಿನಿಂದ ಬರುತ್ತದೆ. ಗಣಕಯಂತ್ರ ಬಂದ ಮೇಲೆ ದಾಳದ ಕೆಲಸವನ್ನು ಅದೇ ಮಾಡುತ್ತದೆ. ಅಂತರ್ಜಾಲದ ಆವೃತ್ತಿಗಳಲ್ಲಿ ಪ್ರತಿ ಆಟಗಾರನಿಗೂ ಪಟ್ಟಿಯಲ್ಲಿ ಒಂದು ನಿಗದಿತ ಬೆಲೆ, ಪ್ರತಿ ತಂಡಕ್ಕೂ ಒಂದು ವೇತನ ಮಿತಿ ಇರುತ್ತದೆ. ಮಾಲೀಕನು ಆ ಮಿತಿಯೊಳಗೆ ತಂಡ ಕಟ್ಟಿ 162 ಪಂದ್ಯಗಳ ಋತುವನ್ನು ನಡೆಸಬೇಕು. ಒಂದು ಸ್ಪರ್ಧೆಯ ಮಿತಿ 6 ಕೋಟಿ ಡಾಲರ್ ಇದ್ದರೆ ಇನ್ನೊಂದರದು 8 ಕೋಟಿ, ಮತ್ತೊಂದರದು 14 ಕೋಟಿ. (ಅಮೆರಿಕದ ಪ್ರಧಾನ ಬೇಸ್‌ಬಾಲ್ ಸಂಸ್ಥೆಯಲ್ಲಿ ಇಂತಹ ಕಟ್ಟುನಿಟ್ಟಿನ ಮಿತಿ ಇಲ್ಲ. ನಿಗದಿತ ಮೊತ್ತ ಮೀರಿದ ತಂಡದ ಮೇಲೆ ತೆರಿಗೆ ಬೀಳುತ್ತದೆ. 2003ರಲ್ಲಿ ಆ ಮೊತ್ತ 11.7 ಕೋಟಿ ಡಾಲರ್ ಇತ್ತು.)

ಸೀಮಾಂತ ವೆಚ್ಚ ಪದ್ಧತಿಯನ್ನು ಓದಿದ ವಾಣಿಜ್ಯ ವಿದ್ಯಾರ್ಥಿಗೆ ಇಲ್ಲಿ ಪರಿಚಿತ ಸೂತ್ರವೊಂದು ಎದುರಾಗುತ್ತದೆ. ಹಲವು ಸರಕುಗಳಲ್ಲಿ ಯಾವುದನ್ನು ತಯಾರಿಸಬೇಕೆಂಬುದನ್ನು ಪ್ರತಿ ನಗದ ಮೇಲಿನ ಕೊಡುಗೆಯಿಂದ ನಿರ್ಧರಿಸಬಾರದು. ಯಾವ ಅಂಶ ವಿರಳವಾಗಿದೆಯೋ, ಅಂದರೆ ಯಾವುದು ಮಿತಿಕಾರಕವೋ, ಅದರ ಪ್ರತಿ ಘಟಕಕ್ಕೆ ದೊರೆಯುವ ಕೊಡುಗೆಯಿಂದ ನಿರ್ಧರಿಸಬೇಕು. ತಂಡ ಕಟ್ಟುವಾಗ ಮಿತಿಕಾರಕವಾಗಬಲ್ಲ ಅಂಶಗಳು ಎರಡು: ಹಣ ಮತ್ತು ಸ್ಥಾನ. ವೇತನ ಮಿತಿ ಬದಲಾದಂತೆ ಇವೆರಡರ ಪೈಕಿ ಯಾವುದು ಹೆಚ್ಚು ವಿರಳ ಎಂಬುದೂ ಬದಲಾಗುತ್ತದೆ.

ಅಧ್ಯಯನದ ಅನುಕೂಲಕ್ಕಾಗಿ ಒಂದು ಸರಳ ಪಟ್ಟಿಯನ್ನು ಊಹಿಸಿಕೊಳ್ಳಬಹುದು. ತಂಡದಲ್ಲಿ 25 ಆಟಗಾರರು. 9 ದಾಂಡಿಗರು, ಪಂದ್ಯ ಆರಂಭಿಸುವ 5 ಪಿಚರ್‌ಗಳು ಮತ್ತು ಪಂದ್ಯ ಮುಗಿಸುವ ಒಬ್ಬ ಪಿಚರ್ ಸೇರಿ 15 ಮುಖ್ಯ ಸ್ಥಾನಗಳು. ಉಳಿದ 10 ಮಂದಿ ಕಾಯ್ದಿರಿಸಿದವರು. ಕನಿಷ್ಠ ಬೆಲೆ 5 ಲಕ್ಷ ಡಾಲರ್. ಕಾಯ್ದಿರಿಸಿದ 10 ಮಂದಿಗೆ ಕನಿಷ್ಠ ದರದಲ್ಲಿ 50 ಲಕ್ಷ ಡಾಲರ್ ತಪ್ಪದ ವೆಚ್ಚ. ಮುಖ್ಯ ಸ್ಥಾನಗಳಿಗೆ ಮೂರು ದರ್ಜೆಯವರು ಲಭ್ಯ: ‘ಕ’ ದರ್ಜೆಯವನಿಗೆ 120 ಲಕ್ಷ, ‘ಖ’ ದರ್ಜೆಯವನಿಗೆ 45 ಲಕ್ಷ, ‘ಗ’ ದರ್ಜೆಯವನಿಗೆ 20 ಲಕ್ಷ. ಕನಿಷ್ಠ ಬೆಲೆಯ ಆಟಗಾರನಿಗಿಂತ ಇವರು ಋತುವಿಗೆ ಅನುಕ್ರಮವಾಗಿ 64, 34 ಮತ್ತು 14 ರನ್‌ಗಳಷ್ಟು ಹೆಚ್ಚು ಉಪಯುಕ್ತರು ಎಂದಿಟ್ಟುಕೊಳ್ಳೋಣ. ಪಿಚರ್‌ನ ವಿಷಯದಲ್ಲಿ ಇದು ಅವನು ಎದುರಾಳಿಗೆ ತಪ್ಪಿಸಿದ ರನ್‌ಗಳ ಲೆಕ್ಕ.

ಕನಿಷ್ಠ ದರದವನ ಬದಲು ‘ಗ’ ದರ್ಜೆಯವನನ್ನು ತಂದರೆ 15 ಲಕ್ಷಕ್ಕೆ 14 ರನ್, ಅಂದರೆ ಪ್ರತಿ 10 ಲಕ್ಷಕ್ಕೆ ಸುಮಾರು 9.3 ರನ್ ದೊರೆಯುತ್ತದೆ. ‘ಗ’ದಿಂದ ‘ಖ’ಕ್ಕೆ ಏರಿದರೆ 25 ಲಕ್ಷಕ್ಕೆ 20 ರನ್, ಪ್ರತಿ 10 ಲಕ್ಷಕ್ಕೆ 8. ‘ಖ’ದಿಂದ ‘ಕ’ಕ್ಕೆ ಏರಿದರೆ 75 ಲಕ್ಷಕ್ಕೆ 30 ರನ್, ಪ್ರತಿ 10 ಲಕ್ಷಕ್ಕೆ ಕೇವಲ 4. ಹೆಸರಾಂತ ಆಟಗಾರನೇ ಹಣದ ಲೆಕ್ಕದಲ್ಲಿ ಎಲ್ಲರಿಗಿಂತ ದುಬಾರಿ.

ಮಿತಿ 6 ಕೋಟಿ ಇದ್ದಾಗ ಮುಖ್ಯ ಸ್ಥಾನಗಳಿಗೆ ಉಳಿಯುವುದು 550 ಲಕ್ಷ. ‘ಖ’ ದರ್ಜೆಯ 10 ಮಂದಿ ಮತ್ತು ‘ಗ’ ದರ್ಜೆಯ 5 ಮಂದಿಯನ್ನು ಕೊಂಡರೆ ಹಣ ಸರಿಯಾಗಿ ಮುಗಿದು 410 ರನ್‌ಗಳ ಲಾಭ ಬರುತ್ತದೆ. ಅದೇ ಹಣದಲ್ಲಿ ‘ಕ’ ದರ್ಜೆಯ ನಾಲ್ವರನ್ನು ಕೊಂಡ ಮಾಲೀಕನಿಗೆ ಉಳಿಯುವುದು 70 ಲಕ್ಷ. ಅದರಲ್ಲಿ ‘ಗ’ ದರ್ಜೆಯ ಒಬ್ಬನನ್ನೂ ಕನಿಷ್ಠ ದರದ ಹತ್ತು ಮಂದಿಯನ್ನೂ ಮಾತ್ರ ತರಬಹುದು. ಅವನಿಗೆ ಬರುವುದು 270 ರನ್. ಬೇಸ್‌ಬಾಲ್ ಅಂಕಿಅಂಶ ತಜ್ಞರ ಸ್ಥೂಲ ಲೆಕ್ಕದಲ್ಲಿ ಸುಮಾರು 10 ರನ್‌ಗಳ ವ್ಯತ್ಯಾಸ ಒಂದು ಗೆಲುವಿಗೆ ಸಮ. ಹಾಗೆಂದರೆ 140 ರನ್‌ಗಳ ಕೊರತೆಯೆಂದರೆ 14 ಗೆಲುವುಗಳ ನಷ್ಟ. 162 ಪಂದ್ಯಗಳ ಋತುವಿನಲ್ಲಿ ಪಟ್ಟಿಯ ಮೇಲಿನ ತಂಡ ಮಧ್ಯಕ್ಕೆ ಜಾರಲು ಇಷ್ಟು ಸಾಕು.

ಮಿತಿ 14 ಕೋಟಿಗೆ ಏರಿದಾಗ ಚಿತ್ರವೇ ಬೇರೆ. ಹದಿನೈದೂ ಸ್ಥಾನಗಳಿಗೆ ‘ಖ’ ದರ್ಜೆಯವರನ್ನು ತುಂಬಿ 510 ರನ್ ಗಳಿಸಿದ ಮೇಲೂ 675 ಲಕ್ಷ ಕೈಯಲ್ಲಿ ಉಳಿಯುತ್ತದೆ. ಪ್ರತಿ ಡಾಲರ್‌ಗೆ ಹೆಚ್ಚು ರನ್ ಕೊಡುವವನು ‘ಗ’ ದರ್ಜೆಯವನೇ ಆದರೂ ಅವನನ್ನು ನಿಲ್ಲಿಸಲು ಸ್ಥಾನವೇ ಇಲ್ಲ. ಆಗ ‘ಕ’ ದರ್ಜೆಯ 9 ಮಂದಿ, ‘ಖ’ ದರ್ಜೆಯ 6 ಮಂದಿ ಎಂಬ ರಚನೆ 780 ರನ್ ತರುತ್ತದೆ. ಮಿತಿ 20 ಕೋಟಿಯಾದರೆ ಎಲ್ಲ ಸ್ಥಾನಗಳಿಗೂ ‘ಕ’ ದರ್ಜೆಯವರು ಬಂದು 150 ಲಕ್ಷ ಉಪಯೋಗವಿಲ್ಲದೆ ಬಿದ್ದಿರುತ್ತದೆ. ಹೆಚ್ಚುವರಿ 10 ಲಕ್ಷ ಡಾಲರ್‌ಗಳ ನೈಜ ಮೌಲ್ಯ 6 ಕೋಟಿ ಮಿತಿಯಲ್ಲಿ 8 ರನ್, 14 ಕೋಟಿಯಲ್ಲಿ 4 ರನ್, 20 ಕೋಟಿಯಲ್ಲಿ ಸೊನ್ನೆ. ಅರ್ಥಶಾಸ್ತ್ರದವರು ನೆರಳು ಬೆಲೆ ಎನ್ನುವುದು ಇದನ್ನೇ. ಇಲ್ಲಿ ಸ್ಪರ್ಧಿಗಳೆಲ್ಲರಿಗೂ ಒಂದೇ ಮಿತಿ ಎಂಬುದನ್ನು ಮರೆಯುವಂತಿಲ್ಲ. ಮಿತಿ ಏರಿದ ಮಾತ್ರಕ್ಕೆ ಯಾರೂ ಮುಂದೆ ಹೋಗುವುದಿಲ್ಲ, ರಚನೆಯನ್ನು ಬದಲಿಸದವನು ಹಿಂದೆ ಬೀಳುತ್ತಾನೆ.

ಒಂದು ಮಿತಿಯಲ್ಲಿ ಗೆದ್ದವನು ಮತ್ತೊಂದು ಮಿತಿಗೆ ಹೋದಾಗ ಪ್ರತಿ ಬಾಬತ್ತನ್ನೂ ಅದೇ ಪ್ರಮಾಣದಲ್ಲಿ ಇಳಿಸುವುದೋ ಏರಿಸುವುದೋ ಸಾಮಾನ್ಯವಾದ ತಪ್ಪು. ಮಾರಾಟ ಕುಸಿದ ವರ್ಷ ಎಲ್ಲ ವಿಭಾಗಗಳ ಖರ್ಚನ್ನೂ ಸಮನಾಗಿ ಶೇಕಡಾ 25ರಷ್ಟು ಕಡಿತಗೊಳಿಸುವ ವ್ಯಾಪಾರ ಸಂಸ್ಥೆಗಳಲ್ಲಿಯೂ ಇದೇ ಪ್ರವೃತ್ತಿ ಕಾಣುತ್ತದೆ. ಬಾಡಿಗೆ ಶೇಕಡಾ 25ರಷ್ಟು ಇಳಿಯುವುದಿಲ್ಲ. ಕನಿಷ್ಠ ವೇತನವೂ ಇಳಿಯುವುದಿಲ್ಲ.

ಹರಾಜಿನ ಮೂಲಕ ಆಟಗಾರರನ್ನು ಹಂಚುವ ಸ್ಪರ್ಧೆಗಳಲ್ಲಿ ಈ ತಪ್ಪು ಅಂಕಿಗಳಲ್ಲೇ ಕಾಣಸಿಗುತ್ತದೆ. ಡೇನಿಯಲ್ ಓಕ್ರೆಂಟ್ ಮತ್ತು ಸಂಗಡಿಗರು 1980ರಲ್ಲಿ ಆರಂಭಿಸಿದ ರೋಟಿಸ್ಸರಿ ಪದ್ಧತಿಯಲ್ಲಿ ಮುಂದೆ ರೂಢಿಗೆ ಬಂದ ಲೆಕ್ಕ ಹೀಗಿದೆ: ಪ್ರತಿ ಮಾಲೀಕನಿಗೆ 260 ಡಾಲರ್, 23 ಆಟಗಾರರು, ಕನಿಷ್ಠ ಬೆಲೆ 1 ಡಾಲರ್. ಇದರಲ್ಲಿ 23 ಡಾಲರ್ ತಪ್ಪದ ವೆಚ್ಚ. ನಿಜವಾಗಿ ಕೈಯಾಡಿಸಬಹುದಾದದ್ದು 237. ಮಿತಿಯನ್ನು 100 ಡಾಲರ್‌ಗೆ ಇಳಿಸಿದರೆ ಅದು 77 ಆಗುತ್ತದೆ. 260ರ ಹರಾಜಿನಲ್ಲಿ 40 ಡಾಲರ್ ಬಾಳುವ ಆಟಗಾರನಿಗೆ 100ರ ಹರಾಜಿನಲ್ಲಿ ಎಷ್ಟು ಕೊಡಬೇಕು? ಬರಿಯ ಪ್ರಮಾಣದ ಲೆಕ್ಕದಲ್ಲಿ 15.4 ಡಾಲರ್ ಎಂದು ಬರುತ್ತದೆ. ಸರಿಯಾದ ಲೆಕ್ಕದಲ್ಲಿ ಕನಿಷ್ಠ ಬೆಲೆಯ ಮೇಲಿನ 39 ಡಾಲರ್ ಮಾತ್ರ 237ಕ್ಕೆ 77ರ ಪ್ರಮಾಣದಲ್ಲಿ ಇಳಿದು 12.7 ಆಗುತ್ತದೆ; ಅದಕ್ಕೆ 1 ಸೇರಿಸಿದರೆ 13.7. ಹರಾಜಿನಲ್ಲಿ ಮಿತಿಯೊಂದಿಗೆ ಬೆಲೆಯೂ ಚಲಿಸುತ್ತದೆ. ನಿಗದಿತ ಬೆಲೆ ಪಟ್ಟಿಯಲ್ಲಿ ಬೆಲೆ ನಿಂತಲ್ಲೇ ನಿಂತಿರುತ್ತದೆ. ಇವೆರಡನ್ನು ಗೊಂದಲ ಮಾಡಿಕೊಳ್ಳಬಾರದು. 2008ರ ಮೊದಲ ಐಪಿಎಲ್ ಹರಾಜಿನಲ್ಲಿ ಚೆನ್ನೈ ತಂಡವು 50 ಲಕ್ಷ ಡಾಲರ್‌ಗಳ ಮಿತಿಯೊಳಗೆ ಧೋನಿ ಒಬ್ಬರಿಗೇ 15 ಲಕ್ಷ ಡಾಲರ್ ಕೊಟ್ಟದ್ದನ್ನು ನೆನೆದರೆ ಈ ಲೆಕ್ಕ ನಮ್ಮವರಿಗೂ ಹೊಸದಲ್ಲ.

ಕಡಿಮೆ ಮಿತಿಯಲ್ಲಿ ಇನ್ನೊಂದು ಉಪಾಯವಿದೆ: ಹಣದ ಬದಲು ಸ್ಥಾನವನ್ನು ಖರ್ಚು ಮಾಡುವುದು. ಎಡಗೈ ದಾಂಡಿಗರು ಸಾಮಾನ್ಯವಾಗಿ ಬಲಗೈ ಪಿಚರ್‌ಗಳ ಎದುರು, ಬಲಗೈಯವರು ಎಡಗೈ ಪಿಚರ್‌ಗಳ ಎದುರು ಚೆನ್ನಾಗಿ ಆಡುತ್ತಾರೆ. ಆದ್ದರಿಂದ ಅಗ್ಗದ ಇಬ್ಬರನ್ನು ಒಂದೇ ಸ್ಥಾನದಲ್ಲಿ ಸರದಿಯಂತೆ ಆಡಿಸಿದರೆ ದುಬಾರಿ ಆಟಗಾರನೊಬ್ಬನ ಕೆಲಸ ನಡೆಯುತ್ತದೆ. 1982ರ ಬಾಲ್ಟಿಮೋರ್ ಓರಿಯೋಲ್ಸ್ ತಂಡದಲ್ಲಿ ಅರ್ಲ್ ವೀವರ್ ಅವರು ಎಡಗೈಯ ಜಾನ್ ಲೋವೆನ್‌ಸ್ಟೈನ್ ಮತ್ತು ಬಲಗೈಯ ಗ್ಯಾರಿ ರೆನಿಕಿ ಅವರನ್ನು ಹೀಗೆ ಬಳಸಿದರು. ಇಬ್ಬರೂ ಸೇರಿ ಆ ವರ್ಷ 45 ಹೋಮ್ ರನ್ ಹೊಡೆದರು. ಕಾಯ್ದಿರಿಸಿದವರ ಸ್ಥಾನ ಹೇಗೂ ಇರುವುದರಿಂದ ಅದರ ಹೆಚ್ಚುವರಿ ವೆಚ್ಚ ಅತ್ಯಲ್ಪ. 14 ಕೋಟಿಯ ಸ್ಪರ್ಧೆಯಲ್ಲಿ ಇದೇ ಜೋಡಿಗೆ ಅಷ್ಟು ಬೆಲೆಯಿಲ್ಲ. ಎಂತಹ ಪಿಚರ್ ಬಂದರೂ ಎದುರಿಸಬಲ್ಲ ಒಬ್ಬನನ್ನೇ ಅಲ್ಲಿ ಕೊಳ್ಳಬಹುದು.

ಅಭ್ಯಾಸಕ್ಕಾಗಿ ಮೇಲಿನ ಪಟ್ಟಿಯನ್ನೇ 10 ಕೋಟಿ ಡಾಲರ್ ಮಿತಿಗೆ ಅನ್ವಯಿಸಬಹುದು. ಮುಖ್ಯ ಸ್ಥಾನಗಳಿಗೆ 950 ಲಕ್ಷ ಲಭ್ಯ. ‘ಖ’ ದರ್ಜೆಯ ಹದಿನೈದು ಮಂದಿಯಿಂದ ಆರಂಭಿಸಿ ಮೂವರನ್ನು ‘ಕ’ ದರ್ಜೆಗೆ ಏರಿಸಿದರೆ 600 ರನ್ ದೊರೆತು 50 ಲಕ್ಷ ಉಳಿಯುತ್ತದೆ; ನಾಲ್ಕನೆಯವನಿಗೆ 75 ಲಕ್ಷ ಬೇಕು. ಬಹುಪಾಲು ಮಾಲೀಕರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಈ ಆಟದಲ್ಲಿ ಉಳಿಕೆಯನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಮಾರ್ಚ್ 31ರಂದು ವಾಪಸಾಗುವ ಸರ್ಕಾರಿ ಅನುದಾನದಂತೆ ಅದು ರದ್ದಾಗುತ್ತದೆ. ‘ಖ’ ದರ್ಜೆಯ ಒಬ್ಬನನ್ನು ‘ಗ’ಕ್ಕೆ ಇಳಿಸಿದರೆ 20 ರನ್ ಹೋಗಿ 25 ಲಕ್ಷ ಬಿಡುಗಡೆಯಾಗುತ್ತದೆ. ಉಳಿದಿದ್ದ 50 ಲಕ್ಷಕ್ಕೆ ಅದನ್ನು ಸೇರಿಸಿ ನಾಲ್ಕನೆಯವನನ್ನು ‘ಕ’ ದರ್ಜೆಗೆ ಏರಿಸಿದರೆ 30 ರನ್ ಬರುತ್ತದೆ. ‘ಕ’ ನಾಲ್ವರು, ‘ಖ’ ಹತ್ತು ಮಂದಿ, ‘ಗ’ ಒಬ್ಬ: ವೆಚ್ಚ ಸರಿಯಾಗಿ 950 ಲಕ್ಷ, ಲಾಭ 610 ರನ್.