ರೋಮಿಗೆ ಹೊರಡುವ ಮುನ್ನ ಚಂದ್ರವಳ್ಳಿ

ಹೊಳಲ್ಕೆರೆಯ ಅಡಿಕೆ ತೋಟದ ಮನೆಯ ಹುಡುಗಿ ಓದಲಿಕ್ಕೆ ಜರ್ಮನಿಗೆ ಹೊರಟಳು, ಹಿರಿಯೂರಿನ ಹುಡುಗನನ್ನು ಬೆಂಗಳೂರಿನ ಕಂಪನಿಯವರು ಆರು ತಿಂಗಳು ನೆದರ್ಲೆಂಡ್ಸ್‌ಗೆ ಕಳಿಸುತ್ತಾರಂತೆ, ಹೊಸದುರ್ಗದ ಹೊಸ ಜೋಡಿ ಪ್ಯಾರಿಸ್ ನೋಡಲು ಹೋಗುತ್ತದಂತೆ. ಇಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಹಿಗ್ಗು. ಹೋಗಿ ಬನ್ನಿ ಮಕ್ಕಳೇ. ಆದರೆ ಹೊರಡುವ ಮುನ್ನ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಿ ಬನ್ನಿ.

ಯಾಕೆ ಅಂತೀರಾ? ಆ ಕಣಿವೆಯ ಮಣ್ಣಿನಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಕಾಲದ ದಿನಾರಿಯಸ್‌ಗಳು ಅವು. ಮೈಸೂರಿನ ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಅಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯನ್ನೂ ಅಗೆದು ನೋಡಿದರು. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನವಿರುವುದೂ ಅಲ್ಲೇ. ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ದುಡ್ಡು ನಮ್ಮೂರ ಸಂತೆಯ ತನಕ ನಡೆದು ಬಂದಿತ್ತು. ಇದನ್ನು ತಿಳಿದವರಿಗೆ ರೋಮಿನ ಪಲಾಟ್ಸೊ ಮಾಸ್ಸಿಮೊ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಸಾಲಾಗಿ ಇಟ್ಟಿರುವ ನಾಣ್ಯಗಳು ಪರರ ಸ್ವತ್ತು ಅನ್ನಿಸುವುದಿಲ್ಲ. ಇಟಲಿಯ ಸರ್ಕಾರಿ ಮ್ಯೂಸಿಯಂಗಳಿಗೆ ತಿಂಗಳ ಮೊದಲ ಭಾನುವಾರ ಟಿಕೆಟ್ ಇಲ್ಲ, ಅದೂ ನೆನಪಿರಲಿ.

ಕೋಟೆಯ ಮಾತೂ ಹೀಗೆಯೇ. ಫ್ರಾನ್ಸಿನ ಕಾರ್ಕಸೋನ್ ಕೋಟೆಗೆ ಎರಡು ಸುತ್ತು ಗೋಡೆ, 52 ಬುರುಜು. ಹತ್ತೊಂಬತ್ತನೆಯ ಶತಮಾನದಲ್ಲಿ ಬೀಳುವ ಸ್ಥಿತಿಯಲ್ಲಿದ್ದದ್ದನ್ನು ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ ಎತ್ತಿ ನಿಲ್ಲಿಸಿದ. ಚೆಂದವಾಗಿದೆ, ನೋಡಲೇಬೇಕು. ನಮ್ಮ ದುರ್ಗದ ಕೋಟೆ ಏಳು ಸುತ್ತು. ಬೆಟ್ಟದ ಹಾಸುಗಲ್ಲು, ಗುಂಡುಗಳನ್ನೇ ಗೋಡೆಯೊಳಗೆ ಸೇರಿಸಿಕೊಂಡು ಕಟ್ಟಿದ್ದಾರೆ. ಬಾಗಿಲಿಂದ ಬಾಗಿಲಿಗೆ ದಾರಿ ತಿರುಗುತ್ತಾ ಹೋಗಿ ಶತ್ರುವಿನ ಓಟವನ್ನು ಮುರಿಯುತ್ತದೆ. 1779ರಲ್ಲಿ ಹೈದರಾಲಿಯ ಕೈಗೆ ಸಿಗುವ ಮೊದಲು ಅವನನ್ನು ಎಷ್ಟು ಸತಾಯಿಸಿತು ಎಂಬುದನ್ನು ನೀವು ಶಾಲೆಯಲ್ಲೇ ಓದಿದ್ದೀರಿ. ಊರಿನ ಕೋಟೆಯನ್ನು ಸರಿಯಾಗಿ ಹತ್ತಿ ಇಳಿದವರಿಗೆ ಯಾವ ಕೋಟೆಯಲ್ಲಿ ಏನು ನೋಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹನ್ನೆರಡು ದಿನಕ್ಕೆ ಏಳು ದೇಶ ತೋರಿಸುತ್ತೇವೆ ಎನ್ನುವ ಪ್ಯಾಕೇಜನ್ನು ದಯವಿಟ್ಟು ಕೊಳ್ಳಬೇಡಿ. ಬಸ್ಸಿನಲ್ಲಿ ಕೂತು, ಇಳಿದು ಫೋಟೊ ತೆಗೆದು, ರಾತ್ರಿ ಅದೇ ಅನ್ನ-ಪನೀರು ಉಂಡು ಮಲಗಿದರೆ ನೀವು ನೋಡಿದ್ದು ಬಸ್ಸನ್ನೇ. ನಮ್ಮ ಜನಕ್ಕೆ ಜಾಗ ಅನುಭವಿಸಲು ಬರುವುದಿಲ್ಲ ಅಂತೇನಿಲ್ಲ. 1907ರಲ್ಲಿ ಮುಗಿದ ನಮ್ಮ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆಗ ಜಿಲ್ಲೆಗೆ ಜಿಲ್ಲೆಯೇ ಹಿರಿಯೂರಿನ ದಾರಿ ಹಿಡಿಯಿತು. ರೊಟ್ಟಿ ಬುತ್ತಿ ಕಟ್ಟಿಕೊಂಡು, ಮುದುಕರನ್ನೂ ಕೂಸುಗಳನ್ನೂ ಕರೆದುಕೊಂಡು, ಒಂದೇ ಕಡೆ ಕೂತು ನೀರು ಧುಮುಕುವುದನ್ನು ಕಣ್ತುಂಬ ನೋಡಿದರು. ಯಾರಿಗೂ ಮುಂದಿನ ಜಾಗಕ್ಕೆ ಓಡುವ ಅವಸರ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಕೆರೆ ದಂಡೆಯಲ್ಲೂ ಹಾಗೇ ಕೂರಿ. ಹತ್ತು ದಿನ ಇದ್ದರೆ ಎರಡು ಊರು ಸಾಕು, ಬಹಳವೆಂದರೆ ಮೂರು.

ಊಟದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಮಕ್ಕಳು ಸೋಲುವುದು ಅಲ್ಲೇ. ಮುದ್ದೆ, ಹುರುಳಿ ಕಟ್ಟಿನ ಸಾರು, ಗುರೆಳ್ಳು ಚಟ್ನಿ ತಿಂದು ಬೆಳೆದ ನಾಲಿಗೆ ಅದು. ಮೂರನೇ ದಿನಕ್ಕೇ ಖಾರಕ್ಕೆ ಹಾತೊರೆಯುತ್ತದೆ. ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ತಪ್ಪಿಲ್ಲ. ಅಮ್ಮ ಎಷ್ಟೇ ಪ್ರೀತಿಯಿಂದ ಕೊಟ್ಟರೂ ತುಪ್ಪದ ಡಬ್ಬಿ, ಹಾಲಿನ ಪೇಡೆ ಬೇಡ: ಹೊರದೇಶದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಐರೋಪ್ಯ ಒಕ್ಕೂಟದ ಗಡಿಯಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಆಮೇಲೆ ಆ ಊರಿನವರು ಉಣ್ಣುವುದನ್ನು, ಅವರು ಉಣ್ಣುವ ಹೊತ್ತಿಗೆ ಉಣ್ಣಿ. ಉತ್ತರ ಇಟಲಿಯಲ್ಲಿ ಪೊಲೆಂಟ ಅಂತ ಕೊಡುತ್ತಾರೆ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಲ್ಲಿ ತಿರುವಿ ತಿರುವಿ ಮಾಡಿದ್ದು. ನಮ್ಮ ಮುದ್ದೆಯ ಅಕ್ಕನೋ ತಂಗಿಯೋ ಅನ್ನಿ. ಜಿನೋವಾದ ಫರಿನಾಟ ಎಂದರೆ ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಒಲೆಯ ಬೆಂಕಿಯಲ್ಲಿ ಬೇಯಿಸಿದ ದೊಡ್ಡ ದೋಸೆ. ಗ್ರೀಸಿನ ಊರುಗಳಲ್ಲಿ ಹೊರ್ತ ಕೇಳಿ: ಹೊಲದಂಚಿನ ಸೊಪ್ಪನ್ನು ಬೇಯಿಸಿ, ಎಣ್ಣೆ ನಿಂಬೆರಸ ಹಾಕಿ ಕೊಡುತ್ತಾರೆ. ಸೊಪ್ಪಿನ ರುಚಿ ಬಲ್ಲ ಬಯಲುಸೀಮೆಯವರು ಅದನ್ನು ಬಿಡಬಾರದು.

ಮಾಂಸ ತಿನ್ನದ ಮನೆಯವರಿಗೆ ಒಂದು ಎಚ್ಚರ. ತರಕಾರಿ ಸೂಪಿಗೂ ಮಾಂಸದ ಕಟ್ಟು ಹಾಕಿರುತ್ತಾರೆ, ಪಾರ್ಮೆಸಾನ್ ಚೀಸಿನ ಹಾಲನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಒಡೆಸುತ್ತಾರೆ. ‘ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ’ ಎಂಬ ಒಂದು ಸಾಲನ್ನು ಆ ದೇಶದ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಳ್ಳಿ. ಕೇಳಿದರೆ ಅವರು ಮುಖ ಸಿಂಡರಿಸುವುದಿಲ್ಲ, ಸಮಾಧಾನದಿಂದಲೇ ಹೇಳುತ್ತಾರೆ.

ಇಟಲಿಯಲ್ಲಿ ಕಾಫಿಯನ್ನು ಕೌಂಟರಿನ ಮುಂದೆ ನಿಂತೇ ಕುಡಿಯಿರಿ, ಕೂತರೆ ಬೆಲೆ ಹೆಚ್ಚು. ದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಕುಡಿದು ಅಭ್ಯಾಸವಿದ್ದವರಿಗೆ ಇದೇನು ಕಷ್ಟವಲ್ಲ. ಸ್ಪೇನಿನಲ್ಲಿ ಮಧ್ಯಾಹ್ನದ ‘ಮೆನು ದೆಲ್ ದಿಯಾ’ ಎಂಬ ಪೂರ್ಣ ಊಟ ರಾತ್ರಿಯ ಊಟಕ್ಕಿಂತ ಅಗ್ಗ. ಅಲ್ಲಿ ರಾತ್ರಿ ಒಂಬತ್ತಕ್ಕೆ ಮುಂಚೆ ಯಾರೂ ಉಣ್ಣಲು ಕೂರುವುದಿಲ್ಲ. ಹೋಟೆಲಿನವರು ಬಿಲ್ ತಂದಿಡಲಿಲ್ಲವೆಂದು ಸಿಟ್ಟಾಗಬೇಡಿ. ನೀವು ಕೇಳುವ ತನಕ ತರದೆ ಇರುವುದೇ ಅಲ್ಲಿನ ಮರ್ಯಾದೆ, ಕೂತು ಮಾತಾಡಿ ಎಂದು ಅದರ ಅರ್ಥ. ರೋಮಿನ ಬೀದಿ ನಲ್ಲಿಗಳ ನೀರು ಕುಡಿಯಲು ಯೋಗ್ಯ, ಬಾಟಲಿಗೆ ದುಡ್ಡು ಸುರಿಯಬೇಡಿ.

ಉಡುಗೆಯ ವಿಷಯಕ್ಕೆ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಹೊರಡುವ ತಿಂಗಳು ಸಾವಿರಾರು ರೂಪಾಯಿ ಖರ್ಚು ಮಾಡುವುದನ್ನು ಕಂಡಿದ್ದೇನೆ. ಬೇಕಿಲ್ಲ. ಅಲ್ಲಿನ ಜನ ಚೆಂದ ಕಾಣುವುದು ಬಟ್ಟೆಯ ರಾಶಿಯಿಂದಲ್ಲ. ಮೈಗೆ ಹೊಂದುವ ಒಂದು ಒಳ್ಳೆ ಕೋಟು, ಒರೆಸಿದ ಬೂಟು, ಕುತ್ತಿಗೆಗೆ ಒಂದು ಉಣ್ಣೆಯ ವಸ್ತ್ರ, ಅಷ್ಟರಲ್ಲಿ ಚಳಿಗಾಲ ಪೂರ್ತಿ ಅಂದವಾಗಿ ಕಳೆಯುತ್ತಾರೆ. ಹರಿದರೆ ಹೊಲಿಸುತ್ತಾರೆ. ಚಳ್ಳಕೆರೆಯ ಕಂಬಳಿಯನ್ನು ತಲೆಮಾರು ದಾಟಿಸಿ ಹೊದ್ದ ಮನೆಗಳ ಮಕ್ಕಳಿಗೆ ಇದು ಹೊಸ ಪಾಠವಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅಂಥದ್ದೊಂದು ಪೆಟ್ಟಿಗೆಯಲ್ಲಿರಲಿ. ವಿಯೆನ್ನಾದ ಸರ್ಕಾರಿ ಆಪೆರಾದಲ್ಲಿ ನಿಂತು ನೋಡುವವರಿಗೆ ಅಗ್ಗದ ಟಿಕೆಟ್ ಇದೆ. ಆ ಸಂಜೆ ಸೀರೆ ಉಟ್ಟು ಹೋಗಿ, ಗಂಡುಮಕ್ಕಳು ಪಂಚೆ ಉಟ್ಟರೂ ಚೆಂದವೇ. ದೊಡ್ಡ ಚರ್ಚುಗಳಿಗೆ ಮಾತ್ರ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ವ್ಯಾಟಿಕನ್ನಿನ ಸೇಂಟ್ ಪೀಟರ್ಸ್‌ನಲ್ಲಿ ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ.

ನಡೆ-ನುಡಿಯ ಚೆಂದ ಬಟ್ಟೆಗಿಂತ ದೊಡ್ಡದು. ಫ್ರಾನ್ಸಿನಲ್ಲಿ ಅಂಗಡಿ ಹೊಕ್ಕ ಕೂಡಲೇ ‘ಬೋಂಜೂರ್’ ಎನ್ನದೆ ಬೆಲೆ ಕೇಳಿದರೆ ಒರಟು ಎಂದುಕೊಳ್ಳುತ್ತಾರೆ. ರೈಲಿನಲ್ಲಿ ಫೋನಿನ ಸ್ಪೀಕರ್ ಹಾಕಿ ಊರಿಗೆ ಮಾತಾಡಬೇಡಿ. ಇದೊಂದು ಕೆಟ್ಟ ಚಾಳಿ, ಇಲ್ಲಿಯೂ ಬಿಡಬೇಕಾದದ್ದು.

ವೀಸಾ, ದುಡ್ಡಿನ ಮಾತು ಚುಟುಕಾಗಿ. ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು, 30,000 ಯೂರೊ ಮೊತ್ತದ ವಿಮೆ ಕಡ್ಡಾಯ. ಓದಲು ಹೋದವರು ಜರ್ಮನಿಯ ತಿಂಗಳ ಟಿಕೆಟ್ ಮಾಡಿಸಿಕೊಳ್ಳಿ, ದೇಶದ ಯಾವ ಮೂಲೆಗಾದರೂ ನಿಧಾನದ ರೈಲುಗಳಲ್ಲಿ ಓಡಾಡಬಹುದು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ವಾಸವಿರುವ 26 ವರ್ಷದೊಳಗಿನವರಿಗೆ ಪ್ಯಾರಿಸಿನ ಲೂವ್ರ್ ಪ್ರವೇಶ ಉಚಿತ, ಮಂಗಳವಾರ ಮಾತ್ರ ರಜೆ. ವಿಮಾನದಲ್ಲಿ ಓದಲು ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಇಟ್ಟುಕೊಳ್ಳಿ.

ಇನ್ನೊಂದು ಕೇಳಿಕೊಳ್ಳುತ್ತೇನೆ. ಗ್ರೀಸಿಗೆ ಹೋದರೆ ಎಪಿಡಾರಸ್ಸಿನ ಬಯಲು ರಂಗಮಂದಿರ ನೋಡಿ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ್ದು, ಇವತ್ತಿಗೂ ಬೇಸಿಗೆಯಲ್ಲಿ ನಾಟಕ ನಡೆಯುತ್ತದೆ. ಅದೇ ಗ್ರೀಕ್ ಮಾದರಿಯ ಬಯಲು ರಂಗಮಂದಿರ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿದೆ. ಹಳ್ಳಿಯ ಜನ ಅಲ್ಲಿನ ಮೆಟ್ಟಿಲ ಮೇಲೆ ಕೂತು ಶಿವಸಂಚಾರ ತಂಡದ ನಾಟಕ ನೋಡುತ್ತಾರೆ. ಯುರೋಪಿನಲ್ಲಿ ನಿಮಗೆ ಸಿಕ್ಕ ಗೆಳೆಯರು, ಉಣ್ಣಿಸಿದವರು, ದಾರಿ ತೋರಿಸಿದವರು ಇರುತ್ತಾರಲ್ಲ, ಅವರನ್ನು ನಮ್ಮ ಸೀಮೆಗೂ ಕರೆಯಿರಿ. ಸಾಣೇಹಳ್ಳಿಯ ನಾಟಕೋತ್ಸವ ಇರುವುದು ನವೆಂಬರ್‌ನಲ್ಲಿ. ಆ ಹೊತ್ತಿಗೆ ಮಳೆ ನಿಂತಿರುತ್ತದೆ, ಕೋಟೆ ಹತ್ತಲಿಕ್ಕೂ ಹದವಾದ ಬಿಸಿಲು.