ಚಿಕ್ಕ ಸಿಎನ್‌ಸಿಗೆ ಎಂಥ ವೈಸ್?

ನಿಮ್ಮದು 3018 ಮೆಷಿನ್ ಅಂದಿದ್ದೀರಿ. ಅದರ ಝಡ್ ಚಲನೆ ಸುಮಾರು 45 ಮಿ.ಮೀ. ಅಷ್ಟೇ. ಡ್ರಿಲ್ಲಿಂಗ್ ಮೆಷಿನ್‌ಗೆ ಹಾಕುವ ಅಗ್ಗದ ವೈಸ್ ಕೂರಿಸಿದರೆ ಇರುವ ಎತ್ತರವನ್ನೆಲ್ಲ ಅದೇ ನುಂಗಿಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಬಿಗಿ ಮಾಡುವಾಗ ಓಡಾಡುವ ದವಡೆ ತುಸು ಮೇಲೆದ್ದು ಜಾಬ್‌ನ ಅಂಚನ್ನೂ ಎತ್ತುತ್ತದೆ. ಅಂಗಡಿಯಲ್ಲೇ ನೋಡಬಹುದು: ಚೌಕ ಅಲ್ಯೂಮಿನಿಯಂ ತುಂಡಿನ ಎರಡೂ ಬದಿಯ ಅಡಿಗೆ ಕಾಗದದ ಚೂರು ಇಟ್ಟು, ಬಿಗಿ ಮಾಡಿ, ಮೆಲ್ಲಗೆ ಎಳೆಯಿರಿ. ಓಡಾಡುವ ದವಡೆಯ ಕಡೆಯದು ಸಲೀಸಾಗಿ ಬಂದರೆ ಆ ವೈಸ್ ಖಂಡಿತ ಬೇಡ.

ಟೂಲ್‌ಮೇಕರ್ ವೈಸ್ ಚೆನ್ನಾಗಿಯೇ ಇರುತ್ತದೆ. ಅದರ ಓರೆ ಬೋಲ್ಟ್ ದವಡೆಯನ್ನು ಮುಂದಕ್ಕೂ ಕೆಳಕ್ಕೂ ಎಳೆಯುತ್ತದೆ. ಆದರೆ ಅದರ ಬಾಡಿಯ ಎತ್ತರವನ್ನು ಅಳೆಯದೆ ಕೊಳ್ಳಬೇಡಿ.

ನಿಮ್ಮ ಮೆಷಿನ್‌ಗೆ ನಾನು ಹೇಳುವುದು ಎರಡು ತುಂಡಿನ ಗಿಡ್ಡ ವೈಸ್. ಒಂದು ತುಂಡು ಕದಲದಂತೆ, ಇನ್ನೊಂದು ಒತ್ತುವಂತೆ, ನೇರವಾಗಿ ಬೆಡ್‌ನ ಟಿ-ಸ್ಲಾಟ್‌ಗೇ ಬೋಲ್ಟ್ ಆಗುತ್ತವೆ. ಜಾಬ್ ಬೆಡ್ ಮೇಲೇ ಕೂರುವುದರಿಂದ ಎತ್ತರ ಉಳಿಯುತ್ತದೆ, ಉದ್ದನೆಯ ಹಲಗೆಯೂ ಹಿಡಿಯುತ್ತದೆ. ಟಿ-ನಟ್ ನಿಮ್ಮ ಸ್ಲಾಟ್‌ಗೆ ಸರಿಹೊಂದುತ್ತದೆಯೇ ಎಂದು ಮೊದಲೇ ನೋಡಿ. ತೀರಾ ಬಿಗಿ ಮಾಡಬೇಡಿ, ತೆಳು ಅಲ್ಯೂಮಿನಿಯಂ ಬೆಡ್ ಬಾಗುತ್ತದೆ. ಆರಪಾರ ಕತ್ತರಿಸುವಾಗ ಅಡಿಗೆ ಎಂಡಿಎಫ್ ಹಾಳೆ ಇರಲಿ.